ಬಾಗಿನದ ಜೊತೆ ಒಯ್ದ ಮಾತು

ಬಸ್ಸು ಕೆಟ್ಟು ನಿಲ್ಲಬಹುದಿತ್ತು. ನಿಲ್ಲದಿದ್ದರೆ ಕೊಟ್ಟಿಗೆಹಾರ ದಾಟಿದ ಮೇಲೆ ಎಲ್ಲಾದರೂ ಮರ ಬಿದ್ದು ರಸ್ತೆ ಕಟ್ಟಿರಬಹುದಿತ್ತು. ಮರ ಬೀಳದಿದ್ದರೆ ರಸ್ತೆ ಬದಿಯ ಧರೆ ಕುಸಿಯಬಹುದಿತ್ತು. ಧರೆಯೂ ಗಟ್ಟಿಯಾಗಿ ನಿಂತರೆ ಭದ್ರೆ ಉಕ್ಕಿ ಸೇತುವೆ ಮುಳುಗಿರಬಹುದಿತ್ತು. ಕಂಡಕ್ಟರು ನನ್ನ ಮೊರಗಳನ್ನು ಲಗೇಜೆಂದು ಬಸ್ಸಿನ ಟಾಪಿಗೆ ಹಾಕಿಸಬಹುದಿತ್ತು, ಅಲ್ಲಿ ಮಳೆ ನೀರು ಹೊಕ್ಕು ಅರಿಶಿನ, ಕುಂಕುಮ, ಉಪ್ಪು, ಬೆಲ್ಲ ಎಲ್ಲ ಸೇರಿ ಹೊಸದೊಂದು ಪಾಯಸವಾಗಬಹುದಿತ್ತು. ತೊಡೆಯ ಮೇಲೇ ಇಟ್ಟುಕೊಂಡರೆ ತಿರುವಿನಲ್ಲಿ ಯಾರಾದರೂ ವಾಲಿ ಅದರ ಮೇಲೆ ಕೂತುಬಿಡಬಹುದಿತ್ತು, ಅಥವಾ ವಾಂತಿ ಮಾಡಿಕೊಳ್ಳಬಹುದಿತ್ತು, ಆ ಯಾರಾದರೂ ಎನ್ನುವವನು ನಾನೇ ಆಗಿರಬಹುದಿತ್ತು. ಕನ್ನಡಿ ಒಡೆಯಬಹುದಿತ್ತು. ಬಳೆ ಸಣ್ಣದಾಗಬಹುದಿತ್ತು. ನಿದ್ದೆ ಹತ್ತಿ ಇಳಿಯುವ ಸ್ಟಾಪು ತಪ್ಪಿ ಹೊರನಾಡಿನಲ್ಲಿ ಕಣ್ಣು ಬಿಡಬಹುದಿತ್ತು. ಎಸ್ಟೇಟಿನ ನಾಯಿಗಳು ಬೆನ್ನಟ್ಟಬಹುದಿತ್ತು. ರಕ್ತ ಹೀರುವ ಉಂಬಳ ಪ್ಯಾಂಟಿನೊಳಗೆ ಹತ್ತಿ, ಬೀಗರ ಮನೆಯ ಜಗಲಿಯ ಮೇಲೆ ಕೂತಾಗ ರಕ್ತ ಇಳಿದು, ಹಬ್ಬದ ದಿನ ಅವರ ಚಾಪೆ ಹಾಳಾಗಬಹುದಿತ್ತು. ಹೊಸ್ತಿಲು ಎಡವಬಹುದಿತ್ತು. ಬಾಗಿನ ಕೊಡುವ ಗಳಿಗೆಯಲ್ಲಿ ಸೀನು ಬರಬಹುದಿತ್ತು. ಬರದೆ, ಬರುತ್ತದೋ ಏನೋ ಎಂದು ಮೂಗು ಹಿಡಿದುಕೊಂಡದ್ದನ್ನೇ ಅವರು ಬೇರೇನೋ ಎಂದು ತಿಳಿಯಬಹುದಿತ್ತು.

ಇಷ್ಟನ್ನೂ ಹೊರಟ ದಿನ ಬೆಳಗ್ಗೆ ಯೋಚಿಸಿದೆ ಎಂದುಕೊಳ್ಳಬೇಡಿ. ಶ್ರಾವಣ ಶುರುವಾದಾಗಿನಿಂದ ಯೋಚಿಸುತ್ತಿದ್ದೆ. ಯೋಚನೆ ಮಾಡುವುದರಲ್ಲಿ ನಾನು ಚಿಕ್ಕಂದಿನಿಂದ ಬಹಳ ಶ್ರಮಜೀವಿ. ಈಗ ತಲೆ ನರೆತಿದೆ, ಆ ಶ್ರಮಕ್ಕೆ ಮಾತ್ರ ನಿವೃತ್ತಿ ಸಿಕ್ಕಿಲ್ಲ.

ತೊಂಬತ್ತರ ದಶಕದ ನಡುವಿನ ಮಾತಿದು. ನಾನು ಆಗ ಚಿಕ್ಕಮಗಳೂರಿನ, ಬೀಜ ಸುಲಿದು ಹದಮಾಡುವ ಒಂದು ಕಾಫಿ ಕ್ಯೂರಿಂಗ್‌ನಲ್ಲಿ ಗುಮಾಸ್ತ, ಇನ್ನೂ ಮದುವೆಯಾಗಿರಲಿಲ್ಲ. ಅಪ್ಪನಿಗೆ ಪೇಟೆಯಲ್ಲಿ ಸಣ್ಣ ದಿನಸಿ ಅಂಗಡಿ. ಒಬ್ಬಳೇ ತಂಗಿ, ಅವಳನ್ನು ಕಳಸದ ಆಚೆ, ಕಾಫಿ ಮೆಣಸು ಬೆಳೆಯುವ ಮನೆಗೆ ಕೊಟ್ಟಿದ್ದೆವು. ಒಳ್ಳೆಯ ಜನ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಕಥೆಗಳಲ್ಲಿ ಅತ್ತೆ ಮನೆಯವರು ಕೆಟ್ಟವರಾಗಿರಬೇಕೆಂದು ಓದುವವರು ಕಾಯುತ್ತಿರುತ್ತಾರೆ. ಹಾಗೇನೂ ಇರಲಿಲ್ಲ. ಅವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ನಮ್ಮ ಕಡೆ ಗೌರಿಹಬ್ಬವೆಂದರೆ ಅದು ಹೆಣ್ಣುಮಕ್ಕಳ ಹಬ್ಬ, ಅದಕ್ಕಿಂತ ಹೆಚ್ಚಾಗಿ ತವರಿನ ಹಬ್ಬ. ಶಿವನ ಹೆಂಡತಿಯೇ ವರ್ಷಕ್ಕೊಮ್ಮೆ ಕೈಲಾಸ ಬಿಟ್ಟು ತವರಿಗೆ ಬರುತ್ತಾಳೆ, ಮಾರನೇ ದಿನ ಮಗ ಬಂದು ಕರೆದುಕೊಂಡು ಹೋಗುತ್ತಾನೆ ಎಂದು ಅಮ್ಮ ಹೇಳುತ್ತಿದ್ದಳು. ಲೋಕಮಾತೆಗೇ ತವರು ಬೇಕಾದ ಮೇಲೆ ನಮ್ಮ ಮನೆಯ ಹುಡುಗಿಗೆ ಬೇಡವೇ. ಹಾಗಾಗಿ ಮದುವೆಯಾದ ಹೆಣ್ಣಿಗೆ ಆ ದಿನ ತವರಿಂದ ಬಾಗಿನ ಹೋಗಬೇಕು. ಎರಡು ಬಿದಿರಿನ ಮೊರ, ಅರಿಶಿನ ಬಳಿದು ಕುಂಕುಮದ ಬೊಟ್ಟಿಟ್ಟದ್ದು. ಒಂದರಲ್ಲಿ ಅಕ್ಕಿ, ಬೇಳೆಗಳು, ರವೆ, ಬೆಲ್ಲದಚ್ಚು, ಉಪ್ಪು, ತೆಂಗಿನಕಾಯಿ, ರವಿಕೆ ಕಣ, ಬಳೆ, ಬಿಚ್ಚೋಲೆ, ಬಾಚಣಿಗೆ, ಕನ್ನಡಿ. ಇನ್ನೊಂದು ಅದರ ಮೇಲೆ ಮುಚ್ಚಳ. ಒಂದು ಸಂಸಾರಕ್ಕೆ ಬೇಕಾದದ್ದೆಲ್ಲ ಚೂರುಚೂರು ಅದರಲ್ಲಿರುತ್ತದೆ. ನೀನು ಆ ಮನೆಯಲ್ಲಿದ್ದರೂ ನಿನ್ನ ಉಪ್ಪು ಬೆಲ್ಲದ ಯೋಚನೆ ನಮಗಿದೆ ಎಂದು ಅದರ ಅರ್ಥ. ಅದನ್ನು ಅಣ್ಣನೋ ತಮ್ಮನೋ ಸ್ವತಃ ಹೊತ್ತುಕೊಂಡು ಹೋಗಬೇಕು.

ಯಾಕೆ ಸ್ವತಃ ಎಂಬುದು ನನಗೆ ಅದರ ಹಿಂದಿನ ವರ್ಷದವರೆಗೂ ಸರಿಯಾಗಿ ಗೊತ್ತಿರಲಿಲ್ಲ. ಹಿಂದಿನ ವರ್ಷ ನನಗೆ ಜ್ವರ. ಅಪ್ಪನಿಗೆ ಹಬ್ಬದ ವ್ಯಾಪಾರ. ಅಪ್ಪ ಯೋಚನೆ ಮಾಡಿ, ಕಳಸಕ್ಕೆ ಹೋಗುವ ಬಸ್ಸಿನ ಕಂಡಕ್ಟರ ಕೈಯಲ್ಲಿ ಬಾಗಿನ ಕೊಟ್ಟು ಕಳಿಸಿದರು. ಮಲೆನಾಡಿನಲ್ಲಿ ಕಂಡಕ್ಟರ ಕೈಯಲ್ಲಿ ಹೋಗದ ವಸ್ತುವಿಲ್ಲ. ಔಷಧಿ ಹೋಗುತ್ತದೆ, ಪಂಪಿನ ಬೆಲ್ಟು ಹೋಗುತ್ತದೆ, ಹುಂಜ ಹೋಗುತ್ತದೆ. ಬಾಗಿನವೂ ಹೋಯಿತು. ಆ ಪುಣ್ಯಾತ್ಮ ಒಂದು ಕಾಳೂ ಚೆಲ್ಲದ ಹಾಗೆ ಸ್ಟಾಪಿನಲ್ಲಿ ಬಾವನ ಕೈಗೆ ತಲುಪಿಸಿದ್ದ. ತಂಗಿಯ ಅತ್ತೆ ಮೊರ ಬಿಚ್ಚಿ ನೋಡಿ, ಎಲ್ಲ ಚಂದವಾಗಿದೆ ಎಂದು ಹೊಗಳಿ, ಆಮೇಲೆ ನಕ್ಕರಂತೆ: ‘ಅಲ್ಲ ಹುಡುಗಿ, ನಿಂಗೆ ಖಾಕಿ ಅಂಗಿ ಅಣ್ಣ ಒಬ್ಬ ಇದ್ದದ್ದು ಮದ್ವೇಲಿ ಕಾಣ್ಲೇ ಇಲ್ವಲ್ಲ!’

ತಮಾಷೆಗೆ ಹೇಳಿದ್ದು. ಆದರೆ ತಂಗಿ ಆ ವರ್ಷ ಊರಿಗೆ ಬರಲಿಲ್ಲ. ಬರಲಾಗಲಿಲ್ಲ. ಬಾಗಿನ ತಂದ ಅಣ್ಣ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಮನೆಯ ಹಿರಿಯರ ಎದುರು, ‘ತಂಗಿಯನ್ನು ಕಳಿಸಿಕೊಡಿ’ ಎಂದು ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಹಬ್ಬದ ದಿನ ಇಲ್ಲ ಎನ್ನುವ ಹಾಗಿಲ್ಲ. ಕೇಳದೆ ಅವರಾಗಿ ಕಳಿಸುವ ಹಾಗೂ ಇಲ್ಲ. ತವರಿನವರು ಕರೆಯದೆ ಸೊಸೆಯನ್ನು ಬಸ್ಸು ಹತ್ತಿಸಿದರೆ, ಹೊರಗೆ ಹಾಕಿದರೇನೋ ಎಂದು ನಾಲ್ಕು ಜನ ಕೇಳುತ್ತಾರೆ. ಬಾವ ತಾನೇ ಕರೆತಂದು ಬಿಟ್ಟುಹೋದರೂ ಅದೇ. ಇದು ಅವಳ ಮರ್ಯಾದೆಗೆ, ನಮ್ಮ ಮರ್ಯಾದೆಗೆ ಮಾಡಿದ ಕಟ್ಟಲೆ. ಕಂಡಕ್ಟರು ಮೊರ ಕೊಟ್ಟ, ಸೀಟಿ ಊದಿದ, ಹೋದ. ಕರೆಯುವವರು ಯಾರು?

ಗೌರಿಹಬ್ಬ ಬಿಟ್ಟರೆ ಮತ್ತೆ ದಾರಿ ಕಷ್ಟ. ದೀಪಾವಳಿ ಕಳೆಯುತ್ತಲೇ ಕಾಫಿ ಹಣ್ಣು ಕೊಯ್ಲು ಶುರು. ಆಳುಗಳು, ಅವರ ಊಟ ತಿಂಡಿ, ಕಣದಲ್ಲಿ ಒಣಹಾಕುವುದು. ಅದು ಮುಗಿಯುವಾಗ ಮೆಣಸು. ಕಿರಿ ಸೊಸೆಯನ್ನು ಬಿಟ್ಟುಕೊಡಲು ಆ ಮನೆಗೆ ಕೈ ಸಾಲುವುದಿಲ್ಲ. ಅಂದರೆ ಈ ಸಲ ತಪ್ಪಿದರೆ ಇನ್ನೊಂದು ವರ್ಷ.

ಹಬ್ಬಕ್ಕೆ ಮುಂಚೆ ಒಂದು ದಿನ ತಂಗಿ ಅಪ್ಪನ ಅಂಗಡಿಯ ಪಕ್ಕದ ಎಸ್.ಟಿ.ಡಿ. ಬೂತಿಗೆ ಫೋನು ಮಾಡಿದಳು. ಅವರ ಮನೆಯಲ್ಲಿ ಫೋನು ನಡುಮನೆಯಲ್ಲಿತ್ತು, ಹಾಗಾಗಿ ಅವಳ ಮಾತು ಯಾವಾಗಲೂ ರೇಡಿಯೋ ವಾರ್ತೆಯ ಹಾಗೆ. ‘ನಾವೆಲ್ಲ ಆರೋಗ್ಯ. ಮಳೆ ಕಡಿಮೆಯಾಗಿದೆ. ನೀವೆಲ್ಲ ಹೇಗಿದೀರಿ?’ ಅವತ್ತು ಮಾತ್ರ ಮನೆಯವರು ಕಣದ ಕಡೆ ಹೋಗಿದ್ದರೆಂದು ಕಾಣುತ್ತದೆ.

‘ಅಣ್ಣಾ, ಈ ಸಲ ಬಸ್ಸಲ್ಲಿ ಕಳಿಸ್ಬೇಡಿ, ಅಪ್ಪಂಗೆ ಹೇಳು.’

‘ಇಲ್ಲ ಇಲ್ಲ, ನಾನೇ ಬರ್ತೀನಿ.’

‘ಬಂದು?’

‘ಬಾಗಿನ ಕೊಡ್ತೀನಿ.’

‘ಕೊಟ್ಟು?’

‘ಊಟ ಮಾಡ್ತೀನಿ.’

‘ಊಟ ಮಾಡ್ಕೊಂಡು ಹೋಗೋಕೆ ನೀನೇನು ಈ ಮನೆ ಅಳಿಯನಾ? ನನ್ನ ಕರಿಯೋಕೆ ಬಾರೋ. ಮಾವನ ಹತ್ರ ಕೇಳು. ನಾನು ಬಂದು ಅಮ್ಮನ ಪಕ್ಕ ಮಲ್ಕೋಬೇಕು. ಬೆಳಗ್ಗೆ ಯಾರೂ ಎಬ್ಬಿಸ್ಬಾರ್ದು. ಎದ್ದಾಗ ಕಾಫಿ ಯಾರಾದ್ರೂ ಕೊಡಬೇಕು, ನಾನು ಮಾಡ್ಬಾರ್ದು. ಅಷ್ಟೇ ಕಣೋ ನಂಗೆ ಬೇಕಾಗಿರೋದು.’ ನಗುತ್ತಲೇ ಹೇಳಿದಳು. ಕಡೆಕಡೆಗೆ ನಗು ತೆಳ್ಳಗಾಯಿತು. ಯಾರೋ ಒಳಗೆ ಬಂದಿರಬೇಕು, ‘ಹೂಂ, ಹಬ್ಬಕ್ಕೆ ಬನ್ನಿ, ಅಪ್ಪ ಅಮ್ಮಂಗೆ ನಮಸ್ಕಾರ ಹೇಳಿ’ ಎಂದು ಇಟ್ಟುಬಿಟ್ಟಳು.

ಈ ಕಥೆ ನಮ್ಮ ಮನೆಯಲ್ಲಿ ಗುಟ್ಟೇನಲ್ಲ. ಇದನ್ನು ಹೇಳುವ ಹಕ್ಕು ತಂಗಿಯದು, ಅವಳು ಅದನ್ನು ಧಾರಾಳವಾಗಿ ಬಳಸಿಕೊಂಡಿದ್ದಾಳೆ. ನನ್ನ ಮದುವೆಯಲ್ಲಿ ಬೀಗರ ಪಂಕ್ತಿಯ ಎದುರು ಹೇಳಿದ್ದಾಳೆ, ನನ್ನ ಮಕ್ಕಳಿಗೆ ನಟಿಸಿ ತೋರಿಸಿದ್ದಾಳೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ಕಿವಿ ಮಾತ್ರ ಬಿಸಿಯಾಗುತ್ತದೆ. ನಗುವ ಕಥೆಯಲ್ಲಿ ಬಿಟ್ಟುಹೋಗುವ ಒಂದೆರಡು ಸಂಗತಿಗಳಿವೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಫೋನು ಬಂದ ಮೇಲೆ ನಾನು ಆ ವಾಕ್ಯವನ್ನು ಅಭ್ಯಾಸ ಮಾಡತೊಡಗಿದೆ. ಕ್ಯೂರಿಂಗ್‌ನಲ್ಲಿ ಪಾರ್ಚ್‌ಮೆಂಟ್ ಕಾಫಿಬೀಜದ ಮೂಟೆಗಳ ನಡುವೆ ಯಾರೂ ಇಲ್ಲದಾಗ, ‘ಮಾವ, ತಂಗಿಯನ್ನು ಕರೆದುಕೊಂಡು ಹೋಗೋಕೆ ಬಂದಿದ್ದೇನೆ, ದಯವಿಟ್ಟು ಕಳಿಸಿಕೊಡಿ’ ಎಂದು ಮೂಟೆಗೆ ಹೇಳುತ್ತಿದ್ದೆ. ‘ದಯವಿಟ್ಟು’ ನಾಟಕದ ಹಾಗೆ ಕೇಳಿಸಿ ತೆಗೆದೆ. ‘ಕರೆದುಕೊಂಡು ಹೋಗೋಕೆ’ ಅಂದರೆ ಪೊಲೀಸರು ಬಂದ ಹಾಗಾಯಿತೆನಿಸಿ ಅದನ್ನೂ ತೆಗೆದೆ. ಕೊನೆಗೆ ಉಳಿದದ್ದು, ‘ಮಾವ, ತಂಗೀನ ಒಂದು ಹದಿನೈದು ದಿನ ಕಳಿಸಿಕೊಡಿ.’ ಇದಕ್ಕಿಂತ ಸಣ್ಣ ಮಾತು ಇರಲಾರದು. ಎರಡು ವರ್ಷದ ಮಗುವೂ ಹೇಳಬಹುದು.

ಹೊರಡುವ ದಿನ ಅಮ್ಮ ಕತ್ತಲಿರುವಾಗಲೇ ಎದ್ದು ಮೊರ ಕಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಕೇಳುತ್ತಿದ್ದೆ.

‘ಅಮ್ಮ, ಕನ್ನಡಿ ಒಡೆದ್ರೆ?’

‘ಒಡೆದ್ರೆ ಎರಡು ಕನ್ನಡಿ ಆಗತ್ತೆ. ಆ ದಾರ ಕೊಡಿಲ್ಲಿ.’

‘ಬಳೆ ಆಗ್ದೆ ಇದ್ರೆ?’

‘ನಾನು ಹೆತ್ತ ಮಗಳ ಕೈ ನಂಗೊತ್ತಿಲ್ವೇನೋ?’

ಅಪ್ಪ ಹಲ್ಲುಜ್ಜುತ್ತಾ ಬಂದು ನನ್ನ ಚೀಲ ನೋಡಿದರು. ಅದರಲ್ಲಿ ಹೆಚ್ಚಿಗೆ ಒಂದು ಕನ್ನಡಿ, ಹೆಚ್ಚಿಗೆ ಬಳೆ, ಎರಡು ಥರದ ವಾಂತಿ ಮಾತ್ರೆ, ಉಂಬಳಕ್ಕೆ ಸುಣ್ಣ ಮತ್ತು ಹೊಗೆಸೊಪ್ಪು, ಟಾರ್ಚು, ಹಗ್ಗ. ‘ಇವನು ಬಾಗಿನ ಕೊಡೋಕೆ ಹೋಗ್ತಿದಾನೋ, ಕುದುರೆಮುಖ ಹತ್ತೋಕೆ ಹೋಗ್ತಿದಾನೋ ಕೇಳು’ ಅಂದರು. ಬಾಗಿಲಲ್ಲಿ ಅಮ್ಮ ಮೊರ ನನ್ನ ಕೈಗಿಟ್ಟು, ‘ರಾತ್ರಿಗೆ ಅವಳಿಗೆ ಇಷ್ಟ ಅಂತ ಮೆಂತ್ಯ ಸೊಪ್ಪು ತಂದಿಟ್ಟಿದೀನಿ’ ಎಂದಳು. ಹುಷಾರು ಅನ್ನಲಿಲ್ಲ. ನನಗೆ ಹುಷಾರು ಎಂದು ಹೇಳಬೇಕಾದ ಅಗತ್ಯ ಯಾರಿಗೂ ಬಂದಿಲ್ಲ.

ಆ ದಿನ ಎಂಥ ದಿನ ಅಂತೀರಿ. ಮೂಡಿಗೆರೆ ಬರುವಷ್ಟರಲ್ಲಿ ಮೋಡ ಹರಿದು ಬಿಸಿಲು ಬಂತು. ವಾರಗಟ್ಟಲೆ ನೆನೆದ ಬೆಟ್ಟಗಳೆಲ್ಲ ಹಬೆಯಾಡುತ್ತಿದ್ದವು. ಬಸ್ಸು ಒಂದು ಕಡೆಯೂ ಕೆಮ್ಮಲಿಲ್ಲ. ನನ್ನ ತೊಡೆಯ ಮೇಲಿನ ಮೊರ ನೋಡಿ ಕಂಡಕ್ಟರು, ‘ಎಂತ ಮಾರಾಯ್ರೆ, ಗೌರಮ್ಮಂಗೂ ಒಂದು ಟಿಕೆಟ್ ಹರೀಲಾ?’ ಎಂದ. ನಾನು ಗಾಬರಿಯಾಗಿ ಜೇಬಿಗೆ ಕೈ ಹಾಕಿದೆ. ಇಡೀ ಬಸ್ಸು ನಕ್ಕಿತು. ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ಮೊರದ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ‘ತಂಗಿಗಾ? ಕರ್ಕೊಂಡು ಬರ್ತೀಯಾ?’ ಎಂದು ಕೇಳಿದರು.

‘ಹೌದಜ್ಜಿ.’

‘ನಮ್ಮಣ್ಣ ಇರೋ ತನಕ ಬರ್ತಿದ್ದ, ನಡ್ಕೊಂಡೇ ಬರ್ತಿದ್ದ. ಈಗ ಹಬ್ಬ ಬಂದ್ರೆ ಸುಮ್ನೆ ಬಸ್ಸಲ್ಲಿ ಅಲ್ಲಿ ಇಲ್ಲಿ ಹೋಗಿ ಬರ್ತೀನಿ, ಮನೇಲಿ ಕೂತ್ರೆ ಬಾಗ್ಲು ನೋಡೋದಾಗತ್ತೆ’ ಎಂದರು. ನಾನು, ‘ಕಿಟಕಿ ಹಾಕ್ಲಾ ಅಜ್ಜಿ, ಗಾಳಿ’ ಎಂದೆ.

ಕೊಟ್ಟಿಗೆಹಾರದಲ್ಲಿ ಎಲ್ಲರೂ ಇಳಿದು ನೀರುದೋಸೆ ತಿಂದರು. ಬಸ್ಸು ಬಿಟ್ಟುಹೋದರೆ, ಮೊರ ಯಾರಾದರೂ ಮುಟ್ಟಿದರೆ ಎಂದು ನಾನು ಇಳಿಯಲಿಲ್ಲ. ವಾಸನೆಯಲ್ಲೇ ಹೊಟ್ಟೆ ತುಂಬಿಸಿಕೊಂಡೆ. ಮರ ಬಿದ್ದಿರಲಿಲ್ಲ. ಧರೆ ನಿಂತಿತ್ತು. ಭದ್ರೆ ಸೇತುವೆಯ ಬಹಳ ಕೆಳಗೆ, ಕೆಂಪಗೆ, ತನ್ನ ಪಾಡಿಗೆ ಹರಿಯುತ್ತಿದ್ದಳು. ಸ್ಟಾಪಿನಲ್ಲಿ ಬಾವ ಜೀಪು ತಂದು ಕಾದಿದ್ದರು, ಹಾಗಾಗಿ ನಾಯಿಗೂ ಉಂಬಳಕ್ಕೂ ನನ್ನನ್ನು ಭೇಟಿಯಾಗುವ ಅವಕಾಶ ಸಿಗಲಿಲ್ಲ.

ತಂಗಿ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಯಿಂದ ಮೊರ ಇಸಿದುಕೊಂಡು, ಅತ್ತೆಗೆ ಕೇಳುವ ಹಾಗೆ, ‘ಅಣ್ಣನೇ ತಂದಿದಾನೆ ಅತ್ತೆ’ ಎಂದಳು. ಅವಳ ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದು, ‘ಬನ್ನಿ ಬನ್ನಿ. ಈ ವರ್ಷ ಖಾಕಿ ಅಂಗಿ ಬಿಚ್ಚಿಟ್ಟು ಬಂದ್ರಾ?’ ಎಂದರು. ನನ್ನ ಮುಖ ನೋಡಿ ಅವರಿಗೇ ಪಾಪ ಅನಿಸಿರಬೇಕು. ‘ತಮಾಷೆಗೆ ಅಂದೆ ಮಾರಾಯ್ರೆ. ಕಾಲು ತೊಳ್ಕೊಳ್ಳಿ, ಕಾಫಿ ಕುಡೀರಿ’ ಎಂದು ತಾವೇ ನೀರು ತಂದುಕೊಟ್ಟರು.

ಪೂಜೆ ಚೆನ್ನಾಗಿ ನಡೆಯಿತು. ಕಲಶದ ಪಕ್ಕ ಅರಿಶಿನದ ಗೌರಿ, ಎದುರಿಗೆ ನಮ್ಮ ಮೊರ. ಕನ್ನಡಿ ಒಡೆದಿರಲಿಲ್ಲ. ಬಳೆ ತಂಗಿಯ ಕೈಗೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಹದಿನಾರು ಗಂಟಿನ ದಾರ ಕಟ್ಟಿಸಿಕೊಂಡು ಅವಳು ಅತ್ತೆಗೆ ಸೆರಗು ಮುಚ್ಚಿ ಬಾಗಿನ ಕೊಟ್ಟಳು. ಇಬ್ಬರೂ ಮೊರ ಹಿಡಿದು ಅತ್ತ ಇತ್ತ ತೂಗುವಾಗ ಅತ್ತೆ ಅವಳ ಕಿವಿಯಲ್ಲಿ ಏನೋ ಹೇಳಿದರು, ಇಬ್ಬರೂ ನಕ್ಕರು. ಒಂದು ಸೀನೂ ಬರಲಿಲ್ಲ. ಎಲ್ಲ ಇಷ್ಟು ಸರಿಯಾಗಿ ನಡೆಯುವುದು ನನಗೆ ಅಭ್ಯಾಸವಿಲ್ಲದ್ದರಿಂದ ಚೀಲದಲ್ಲಿದ್ದ ಇನ್ನೊಂದು ಕನ್ನಡಿಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ತೊಂದರೆ ಎಲ್ಲೋ ನನಗೆ ಕಾಣದ ಹಾಗೆ ಕೂತಿದೆ ಎಂದೇ ಅನಿಸುತ್ತಿತ್ತು.

ಊಟಕ್ಕೆ ಒಬ್ಬಟ್ಟು, ಪತ್ರೊಡೆ, ಕೋಸಂಬರಿ, ಪಾಯಸ. ಬಡಿಸುತ್ತ ಬಂದ ತಂಗಿ ನನ್ನ ಎಲೆಯ ಮುಂದೆ ಬಗ್ಗಿ, ತುಪ್ಪ ಹಾಕುವ ನೆಪದಲ್ಲಿ, ‘ಎಲೆ ಅಡಿಕೆಗೆ ಕೂತಾಗ. ಮರೀಬೇಡ’ ಎಂದು ಪಿಸುಗುಟ್ಟಿದಳು. ಮರೆಯುವುದೇ! ನನ್ನ ತಲೆಯಲ್ಲಿ ಬೇರೆ ಏನಾದರೂ ಇದ್ದರಲ್ಲವೇ.

ಊಟವಾಗಿ ಜಗಲಿಗೆ ಬಂದೆವು. ಬಾವ ಜೀಪಿಗೆ ನೀರು ಹಾಕುತ್ತೇನೆಂದು ಹೊರಗೆ ಹೋದರು. ಮಾವ ಹರಿವಾಣ ಎಳೆದುಕೊಂಡು, ಅಡಕತ್ತರಿಯಲ್ಲಿ ನಿಧಾನವಾಗಿ ಅಡಿಕೆ ಸೀಳುತ್ತ, ‘ನಮ್ಮ ಕಡೆ ಪಾರ್ಚ್‌ಮೆಂಟ್ ಬಗ್ಗೆ ನಿಮ್ಮ ಕ್ಯೂರಿಂಗ್‌ನಲ್ಲಿ ಎಂತ ಮಾತಾಡ್ತಾರೆ?’ ಎಂದು ಕೇಳಿದರು. ಬಣ್ಣ ಚೆನ್ನಾಗಿದೆ ಅಂತಾರೆ ಎಂದೆ. ಅವರಿಗೆ ಸಂತೋಷವಾಯಿತು. ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಬಾಯಿಗಿಟ್ಟು, ಜಗಿಯುತ್ತ ಕಣದ ಕಡೆ ನೋಡಿದರು. ಒಳಬಾಗಿಲ ಹಿಂದೆ ಬಳೆಯ ಸದ್ದಾಯಿತು. ಹೊಸ ಬಳೆ, ನಾನೇ ತಂದದ್ದು, ಸದ್ದು ಗುರುತು ಸಿಕ್ಕಿತು.

‘ಮಾವ,’ ಎಂದೆ.

ತಿರುಗಿದರು.

‘ತಂಗೀನ ಒಂದು ಹದಿನೈದು ದಿನ ಕಳಿಸಿಕೊಡಿ.’

ಹೇಳಿಬಿಟ್ಟಿದ್ದೆ! ತೊದಲದೆ, ಕೆಮ್ಮದೆ, ಮೂಟೆಗೆ ಹೇಳಿದ್ದಕ್ಕಿಂತ ಚೆನ್ನಾಗಿ. ಮಾವ ನನ್ನನ್ನೇ ನೋಡಿದರು. ಹುಬ್ಬು ಮೇಲೇರಿತು. ಬಾಯಿ ತೆರೆಯಲಿಲ್ಲ. ಅಂಗೈ ಎತ್ತಿ, ತಡೆ ಎಂಬಂತೆ ನನ್ನ ಕಡೆ ಹಿಡಿದರು. ಗಂಟಲಲ್ಲಿ ‘ಊಂ, ಊಂ’ ಎಂಬ ಶಬ್ದ ಬಂತು.

ಈಗ, ಈ ವಯಸ್ಸಿನಲ್ಲಿ, ಎಲೆ ಅಡಿಕೆ ಹಾಕುವ ಯಾರನ್ನು ಕಂಡರೂ ನನಗೆ ಗೊತ್ತಾಗುತ್ತದೆ. ಅವರ ಬಾಯಿ ತುಂಬ ರಸವಿತ್ತು. ಹಬ್ಬದ ದಿನ ಬೀಗರ ಹುಡುಗ ಕೇಳಿದ ಮಾತಿಗೆ ಬಾಯಿ ತುಂಬಿಕೊಂಡು ಉತ್ತರ ಕೊಡಬಾರದು, ಉಗಿದು ಬಾಯಿ ಮುಕ್ಕಳಿಸಿ ಮರ್ಯಾದೆಯಾಗಿ ಹೇಳಬೇಕು ಎಂದು ಅವರು ಕೈ ತೋರಿಸಿದ್ದು. ಅಷ್ಟೇ. ಆದರೆ ಶ್ರಾವಣದಿಂದ ಕೇಡಿಗಾಗಿ ಕಾದು ಕೂತಿದ್ದ ನನಗೆ ಕಂಡದ್ದು, ಬಾಯಿ ಬಿಗಿದು, ಹುಬ್ಬೇರಿಸಿ, ಕೈ ಅಡ್ಡ ಹಿಡಿದ ಒಬ್ಬ ಹಿರಿಯರು. ಕೇಳಬಾರದ್ದನ್ನು ಕೇಳಿಬಿಟ್ಟೆ, ಹಬ್ಬದ ದಿನ ಇವರನ್ನು ಇಕ್ಕಟ್ಟಿಗೆ ಸಿಕ್ಕಿಸಿಬಿಟ್ಟೆ, ನಾನು ಹೋದ ಮೇಲೆ ಇದಕ್ಕೆಲ್ಲ ತಂಗಿ ಉತ್ತರ ಹೇಳಬೇಕಾಗುತ್ತದೆ ಎಂದು ಒಮ್ಮೆಲೇ ನಾಲ್ಕೈದು ಚಿಂತೆಗಳು ನುಗ್ಗಿದವು. ಅವರು ಮೆಟ್ಟಿಲು ಇಳಿಯಲು ಎದ್ದು ನಿಂತರು. ಸಿಟ್ಟಾಗಿ ಎದ್ದು ಹೋಗುತ್ತಿದ್ದಾರೆ ಎಂದುಕೊಂಡೆ.

‘ಅವಸರ ಏನಿಲ್ಲ ಮಾವ,’ ಎಂದೆ ಅವರ ಬೆನ್ನಿಗೆ.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು.

‘ನಿಮ್ಮ ಅನುಕೂಲ ನೋಡ್ಕೊಂಡು ಕಳಿಸಿ. ಕೊಯ್ಲು, ಮೆಣಸು ಎಲ್ಲ ಮುಗಿದ ಮೇಲಾದ್ರೂ ನಡಿಯತ್ತೆ. ನಮಗೂ ಈಗ ಅಂಗಡಿ ರಶ್ಶು.’

ಅಂಗಡಿ ರಶ್ಶು ಎನ್ನುವುದು ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾವ ಅಂಗಳದ ಅಂಚಿಗೆ ಹೋಗಿ ಉಗಿದರು. ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿದರು. ಹೆಗಲ ಮೇಲಿನ ಟವೆಲಿನಲ್ಲಿ ಒರೆಸಿಕೊಂಡು ಮೇಲೆ ಬಂದು ಕೂತರು. ಅವರ ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಸ್ವಲ್ಪ ಆಶ್ಚರ್ಯವಿತ್ತು, ಆಮೇಲೆ ಅದರ ಜಾಗಕ್ಕೆ ಬಂದದ್ದು ಕರುಣೆ.

‘ಹಂಗಾ? ನಾವು ಇವತ್ತೇ ಕರ್ಕೊಂಡು ಹೋಗ್ತೀರಿ ಅಂತ ಇದ್ವಿ,’ ಎಂದರು. ಕೂಡಲೇ, ನನಗೆ ಮುಜುಗರವಾಗಬಾರದೆಂದು, ‘ಇರ್ಲಿ ಇರ್ಲಿ, ಅದರಲ್ಲೆಂತ ಉಂಟು. ಅಂಗಡಿಯವರಿಗೆ ಹಬ್ಬದ ಟೈಮಲ್ಲಿ ಎಷ್ಟು ಕಷ್ಟ ಅಂತ ನಂಗೆ ಗೊತ್ತಿಲ್ವಾ?’

‘ಅಲ್ಲ ಮಾವ, ಇವತ್ತೇ ಕಳಿಸಿದ್ರೂ...’

‘ಬೇಡ ಮಾರಾಯ್ರೆ, ನಮಗೋಸ್ಕರ ಸಂಕೋಚ ಮಾಡ್ಕೋಬೇಡಿ. ನೀವು ಹೇಳಿದ್ದೇ ಸರಿ. ಕೊಯ್ಲು ಮುಗೀಲಿ.’

ನಮ್ಮ ಕಡೆಯ ಮರ್ಯಾದೆಯ ಭಾಷೆಯಲ್ಲಿ, ತವರಿನವನು ಬಾಗಿನ ಹಿಡಿದು ಬಂದು ‘ಅವಸರ ಏನಿಲ್ಲ’ ಎಂದರೆ ಈಗ ಬೇಡ ಎಂದೇ ಅರ್ಥ. ಮನೆಯಲ್ಲಿ ಏನೋ ತೊಂದರೆಯಿದೆ, ಬಾಯಿಬಿಟ್ಟು ಹೇಳಲಾರ ಎಂದು ಅರ್ಥ. ಅದನ್ನು ಕೆದಕಬಾರದು. ಮಾವ ಕೆದಕಲಿಲ್ಲ. ಇನ್ನೊಮ್ಮೆ ಕೇಳಿ ಸರಿಮಾಡುವಷ್ಟು ಧೈರ್ಯ ನನ್ನಲ್ಲಿರಲಿಲ್ಲ. ಕೇಳಿದ್ದರೆ ಮೊದಲು ಹೇಳಿದ್ದು ಯಾಕೆಂದು ಹೇಳಬೇಕಾಗುತ್ತಿತ್ತು. ನಿಮ್ಮ ಬಾಯಲ್ಲಿ ಎಲೆ ರಸವಿತ್ತು, ನಾನು ಅದನ್ನು ಸಿಟ್ಟೆಂದುಕೊಂಡೆ ಎಂದು ಒಬ್ಬ ದೊಡ್ಡವರ ಮುಂದೆ ಹೇಗೆ ಹೇಳುವುದು? ಹೇಳಬಹುದಿತ್ತು. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತಂಗಿ ಜೀಪು ಹತ್ತುತ್ತಿದ್ದಳು. ನನಗೆ ನನ್ನ ಮಾನ ಹೋಗುತ್ತದೆ ಅನ್ನಿಸಿತು. ಎಂಥ ಮಾನವೋ ಅದು.

ಅಷ್ಟರಲ್ಲಿ ಅತ್ತೆ ಚಕ್ಕುಲಿಯ ದೊಡ್ಡ ಡಬ್ಬಿ ಹಿಡಿದು ಹೊರಗೆ ಬಂದರು. ಅವರ ಹಿಂದೆ ತಂಗಿ. ಪೂಜೆಯ ಸೀರೆ ಬದಲಾಯಿಸಿ, ದಾರಿಗೆ ಉಡುವ ನೀಲಿ ಸೀರೆ ಉಟ್ಟಿದ್ದಳು. ಜಡೆಗೆ ಹೂ ಮುಡಿದು, ಕೈಯಲ್ಲಿ ಬ್ಯಾಗು ಹಿಡಿದಿದ್ದಳು.

‘ಇವತ್ತು ಬೇಡವಂತೆ ಕಣೆ,’ ಎಂದರು ಮಾವ ಮೆಲ್ಲಗೆ. ‘ನಿಮ್ಮಣ್ಣಂಗೆ ಮೆಣಸಾದ ಮೇಲೆ ಅನುಕೂಲವಂತೆ.’

ಅತ್ತೆ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ‘ಹೌದಾ?’ ಎಂದರು. ಈ ಸಲ ತಮಾಷೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ತಂಗಿ ನನ್ನ ಮುಖ ನೋಡಿದಳು. ನಾನು ಹರಿವಾಣದಲ್ಲಿ ಉಳಿದಿದ್ದ ಎಲೆಗಳ ತೊಟ್ಟು ಮುರಿಯುತ್ತಿದ್ದೆ. ‘ಹೂಂ,’ ಎಂದು ಒಳಗೆ ಹೋದಳು.

ಹೊರಡುವ ಹೊತ್ತಿಗೆ ಅವಳು ಮನೆಯಲ್ಲಿ ಉಡುವ ಸೀರೆಯಲ್ಲಿದ್ದಳು. ಹೂ ಹಾಗೇ ಇತ್ತು. ಅದೇ ಬ್ಯಾಗನ್ನು ನನ್ನ ಕೈಗೆ ಕೊಟ್ಟು, ‘ಅಮ್ಮಂಗೆ ಚಕ್ಕುಲಿ, ಮೆಣಸು, ಒಂದು ಸೀಸೆ ಜೇನು ಹಾಕಿದೀನಿ. ಸೀಸೆ ನೆಟ್ಟಗಿಟ್ಕೋ, ಚೆಲ್ಲತ್ತೆ’ ಎಂದಳು. ಬಾವ ಜೀಪು ಸ್ಟಾರ್ಟ್ ಮಾಡಿದರು. ಹಿಂದಿನ ಸೀಟಿನಲ್ಲಿ ಯಾರಿಗೋ ಎಂದು ಮೆತ್ತನೆಯ ಕಂಬಳಿ ಮಡಿಸಿ ಹಾಕಿತ್ತು.

ಬಸ್ಸಿನಲ್ಲಿ ಜೇನಿನ ಸೀಸೆ ಚೆಲ್ಲಿದೆಯೋ ಎಂದು ಬ್ಯಾಗಿನೊಳಗೆ ಕೈ ಹಾಕಿ ತಡವಿದೆ. ಸೀಸೆ ಸರಿಯಾಗಿತ್ತು. ಪಕ್ಕದ ಜೇಬಿನಲ್ಲಿ ಏನೋ ಉದ್ದವಾಗಿ ಸಿಕ್ಕಿತು, ಹೊರಗೆಳೆದು ನೋಡಿದೆ. ಕಾಗದದಲ್ಲಿ ಸುತ್ತಿ, ದಾರ ಕಟ್ಟಿದ್ದ ಅವಳ ಟೂತ್‌ಬ್ರಷ್ಷು. ಬಟ್ಟೆ ತೆಗೆಯುವಾಗ ಅದನ್ನು ತೆಗೆಯಲು ಮರೆತಿದ್ದಳು.